ತಿರುಗಿ ನೋಡದ ದಾರಿ

ಹೊಳಲಿನ ಗುಡಿಯಲ್ಲಿ ದೇವರು ಮಲಗಿದ್ದಾನೆ. ಹೆಡೆಯೆತ್ತಿದ ಶೇಷನ ಸುರುಳಿಯ ಮೇಲೆ ಮೈ ಚಾಚಿ ಮಲಗಿದ ಅನಂತಶಯನ. ಹೂವಿನಹಡಗಲಿ ತಾಲ್ಲೂಕಿನ ಈ ಊರು ಹೆಸರಾದದ್ದೇ ಆತನಿಂದ. ಆತನ ಬಗ್ಗೆ ಒಂದು ಕಥೆ ಇದೆ. ಕೃಷ್ಣದೇವರಾಯ ಹೊಸಪೇಟೆಯ ಪಕ್ಕದಲ್ಲಿ ಈ ದೇವರಿಗೆಂದೇ ದೊಡ್ಡ ಗುಡಿ ಕಟ್ಟಿಸಿ ಕರೆಯಲು ಬಂದನಂತೆ. ‘ಬರ್ತೀನಿ, ನೀ ಮುಂದ ನಡಿ. ಆದರ ತಿರುಗಿ ನೋಡಬ್ಯಾಡ’ ಎಂದನಂತೆ ದೇವರು. ರಾಯನಿಗೆ ಅನುಮಾನ ತಡೆಯಲಿಲ್ಲ. ತಿರುಗಿ ನೋಡಿದ. ದೇವರು ಹೊಳಲಿನಲ್ಲೇ ಉಳಿದ. ಹೊಸಪೇಟೆಯ ಗುಡಿ ಖಾಲಿ ಉಳಿಯಿತು. ಅದಿರುವ ಊರಿನ ಹೆಸರು ಮಾತ್ರ ಇವತ್ತಿಗೂ ಅನಂತಶಯನಗುಡಿ.

ಈ ಕಥೆಯನ್ನು ನನಗೆ ಚಿಕ್ಕಂದಿನಲ್ಲಿ ಹೇಳಿದವಳು ನನ್ನ ಚಿಗವ್ವ. ಹನ್ನೆರಡು ವರ್ಷದ ಹಿಂದೆ ಹತ್ತಿ ಹೇರಿದ ಗಾಡಿಯ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಗಾಲಿಕುರ್ಚಿ. ಮನೆ, ಅಂಗಳ, ಗುಡಿಯ ಮುಂದಿನ ಓಣಿ: ಇಷ್ಟೇ ಅವಳ ಸೀಮೆ. ಕಳೆದ ದೀಪಾವಳಿಗೆ ಹೋದಾಗ ಸುಮ್ಮನೆ ಕೇಳಿದೆ, ‘ಚಿಗವ್ವಾ, ಎಲ್ಲಿಗರ ಹೋಗಿಬರೂಣೇನು?’ ಅವಳು ಯೋಚಿಸಲೇ ಇಲ್ಲ. ‘ಆ ಖಾಲಿ ಗುಡಿ ನೋಡಬೇಕು ನೋಡಪಾ. ಅವನಿಗೆ ಕಟ್ಟಿದ್ದು ಹೆಂಗೈತಿ ಅಂತ.’

ಹೊಳಲಿನಿಂದ ಹೊಸಪೇಟೆಗೆ ಸುಮಾರು ನೂರು ಕಿಲೋಮೀಟರ್. ಕಾಲಿದ್ದವರಿಗೆ ಒಂದು ಹೊತ್ತಿನ ಕೆಲಸ. ಅವಳಿಗೆ ಹನ್ನೆರಡು ವರ್ಷ.

ಹಾದಿ ಹುಡುಕದೆ ಇದ್ದದ್ದಲ್ಲ. ಒಮ್ಮೆ ಬಸ್ಸಿಗೆ ಹತ್ತಿಸಿದ್ದೆವು. ನಮ್ಮ ಕಡೆಯ ಬಸ್ಸಿನ ನೆಲ ರಸ್ತೆಯಿಂದ ಒಂದು ಮೀಟರಿಗೂ ಎತ್ತರ. ನಾಲ್ಕು ಜನ ಎತ್ತಿದರು, ಒಬ್ಬ ಕುರ್ಚಿಯನ್ನು ಟಾಪಿಗೆ ಎಸೆದ. ಇಳಿಸುವಾಗ ಅವಳ ಸೆರಗು ಬಾಗಿಲಿಗೆ ಸಿಕ್ಕಿಕೊಂಡಿತು, ಕುರ್ಚಿಯ ಕಾಲ್ಹಲಗೆ ಸೊಟ್ಟಗಾಗಿತ್ತು. ಯಾರದೂ ಕೆಟ್ಟ ಮನಸ್ಸಲ್ಲ, ಎಲ್ಲರೂ ‘ನಿಧಾನ, ನಿಧಾನ’ ಎನ್ನುವವರೇ. ಮನೆಗೆ ಬಂದು ಅವಳು ಅಂದದ್ದು ಒಂದೇ ಮಾತು: ‘ಜ್ವಾಳದ ಚೀಲ ಆಗಿದ್ದೆ.’ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗ ಊರ ಹೆಂಗಸರೆಲ್ಲ ಧರ್ಮಸ್ಥಳ ನೋಡಿ ಬಂದರು. ಚಿಗವ್ವ ಕಟ್ಟೆಯ ಮೇಲಿನಿಂದ ನಗುತ್ತಿದ್ದಳು: ‘ಟಿಕೀಟಂತೂ ಬ್ಯಾಡಾತು. ಮೆಟ್ಲಕ್ಕ ಎಷ್ಟು ಕೊಡಬೇಕೋ ಕೇಳ್ರಿ.’

ಈ ಸಲ ಬೆಂಗಳೂರಿನಿಂದ ನಾನು ಒಂದು ವ್ಯಾನು ತಂದಿದ್ದೆ. ಗೆಳೆಯನೊಬ್ಬ ತನ್ನ ತಾಯಿಗಾಗಿ ಮಾಡಿಸಿದ್ದು. ತಾಯಿ ತೀರಿಕೊಂಡ ಮೇಲೆ ಮಾರಲು ಮನಸ್ಸು ಬಾರದೆ ಇಟ್ಟುಕೊಂಡಿದ್ದ. ಶಿವರಾತ್ರಿ ಕಳೆದ ಒಂದು ಮುಂಜಾನೆ ಅದನ್ನು ಚಿಗವ್ವನ ಅಂಗಳಕ್ಕೆ ಹಿಂಬದಿಯಾಗಿ ತಂದು ನಿಲ್ಲಿಸಿದೆ. ಹಿಂದಿನ ಬಾಗಿಲು ಮೇಲೆದ್ದಿತು. ಒಳಗೆ ನೆಟ್ಟಗೆ ನಿಂತಿದ್ದ ಅಲ್ಯೂಮಿನಿಯಂ ಹಲಗೆಯನ್ನು ಎಳೆದು ಬಿಚ್ಚಿದೆ. ಅದು ಅಂಗಳದ ಮಣ್ಣಿಗೆ ಬಂದು ತಾಗಿತು. ಓಣಿಯ ಮಕ್ಕಳೆಲ್ಲ ಸುತ್ತ ನೆರೆದವು.

ಚಿಗವ್ವ ಹಲಗೆಯನ್ನು ನೋಡಿದಳು, ವ್ಯಾನು ನೋಡಿದಳು, ಮತ್ತೆ ಹಲಗೆ ನೋಡಿದಳು. ‘ಏ ತಮ್ಮಾ, ಇದು ಮೂಕಿ ಇಳಿಸಿದ ಬಂಡಿ ಅಲ್ಲೇನೋ!’

ನಾನು ಅವಾಕ್ಕಾದೆ. ಎತ್ತು ಬಿಚ್ಚಿ ಮೂಕಿ ನೆಲಕ್ಕೆ ಊರಿದರೆ ಬಂಡಿ ತಾನಾಗಿ ಇಳಿಜಾರಾಗುತ್ತದೆ. ಮೈಲಾರದ ಜಾತ್ರೆಗೆ ಬಂಡಿ ಕಟ್ಟುವಾಗ ನಡೆಯಲಾಗದ ಮುದುಕಿಯರನ್ನು ಹೀಗೇ ಕೂರಿಸುತ್ತಿದ್ದರು. ಬಂಡಿ ತಲೆ ಬಾಗುತ್ತಿತ್ತು, ಅಜ್ಜಿ ಹತ್ತುತ್ತಿದ್ದಳು, ಆಮೇಲೆ ನೊಗ ಎತ್ತಿ ಎತ್ತು ಹೂಡುತ್ತಿದ್ದರು. ದೊಡ್ಡ ನಗರಗಳ ತಗ್ಗು ನೆಲದ ಬಸ್ಸುಗಳು ಇಂದು ಮಾಡುವುದೂ ಇದನ್ನೇ. ನೆಲ 40 ಸೆಂಟಿಮೀಟರಿನಷ್ಟೇ ಎತ್ತರ. ನಿಲ್ದಾಣಕ್ಕೆ ಬಂದಾಗ ಗಾಳಿ ತುಂಬಿದ ಸ್ಪ್ರಿಂಗಿನಿಂದ ಒಂದಿಷ್ಟು ಗಾಳಿ ಬಿಟ್ಟು ಬಸ್ಸು ಒಂದು ಮಗ್ಗುಲಿಗೆ ಮಂಡಿಯೂರುತ್ತದೆ, ಬಾಗಿಲಿನಿಂದ ಹಲಗೆ ಇಳಿಯುತ್ತದೆ. ಬಂಡಿಯ ಬುದ್ಧಿ ನಮಗೆ ಮೊದಲೇ ಗೊತ್ತಿತ್ತು. ಎಂಜಿನ್ ಬಂದ ಮೇಲೆ ಮರೆತೆವು.

ಹಲಗೆಯ ಹಿಂದೆ ಒಂದು ಲೆಕ್ಕವಿದೆ. ಕಟ್ಟಡಗಳಲ್ಲಿ ಗಾಲಿಕುರ್ಚಿಗೆ 1:12ರ ಇಳಿಜಾರು ಎನ್ನುತ್ತಾರೆ, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ದಾರಿ. 60 ಸೆಂಟಿಮೀಟರ್ ಎತ್ತರದ ವ್ಯಾನಿಗೆ ಹಾಗೆ ಮಾಡಹೋದರೆ ಹಲಗೆ 7 ಮೀಟರಿಗೂ ಉದ್ದವಾಗುತ್ತದೆ, ನಮ್ಮ ಓಣಿಯ ಆಚೆ ಮನೆಯ ಬಾಗಿಲಿಗೆ ಹೋಗಿ ಬಡಿಯುತ್ತದೆ. ಹಾಗಾಗಿ ವ್ಯಾನಿನ ಹಿಂಭಾಗದ ನೆಲವನ್ನೇ ಕತ್ತರಿಸಿ 30 ಸೆಂಟಿಮೀಟರಿಗೆ ತಗ್ಗಿಸಿದ್ದಾರೆ. ಹಿಂದಿನಿಂದ ಒಬ್ಬರು ಕೈ ಕೊಡುವುದಾದರೆ 1:4ರ ಕಡಿದಾದ ಇಳಿಜಾರೂ ನಡೆಯುತ್ತದೆ, ಒಂದೂಕಾಲು ಮೀಟರ್ ಹಲಗೆ ಸಾಕು. ನೆಲ ತಗ್ಗಿದ್ದರಿಂದ ಇನ್ನೊಂದು ಲಾಭ: ಕುರ್ಚಿಯಲ್ಲಿ ಕೂತವರ ತಲೆ ಛಾವಣಿಗೆ ತಾಗುವುದಿಲ್ಲ, ಕಿಟಕಿ ಕಣ್ಣಿಗೆ ಸರಿಯಾಗಿ ಬರುತ್ತದೆ.

ನಾನು ಹಿಂದೆ ಕೈ ಕೊಟ್ಟೆ. ಗಾಲಿ ತಿರುಗಿಸಿದ್ದು ಅವಳೇ. ಎರಡು ಉಸಿರಿನಲ್ಲಿ ಒಳಗಿದ್ದಳು. ಯಾರೂ ಎತ್ತಲಿಲ್ಲ, ಯಾರೂ ‘ನಿಧಾನ’ ಅನ್ನಲಿಲ್ಲ. ಅಂಗಳದಲ್ಲಿ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಮಕ್ಕಳು ಚಪ್ಪಾಳೆ ಹೊಡೆದವು.

ಕುರ್ಚಿಯ ಚೌಕಟ್ಟಿಗೆ ಮುಂದೆ ಎರಡು, ಹಿಂದೆ ಎರಡು ಪಟ್ಟಿ. ಅವನ್ನು ಗಾಲಿಗೆ ಕಟ್ಟಬಾರದು, ಗಾಲಿ ತಿರುಗುತ್ತದೆ. ಈ ನಾಲ್ಕೂ ಕುರ್ಚಿಯನ್ನು ಹಿಡಿಯುವುದಕ್ಕೆ. ಕೂತವರಿಗೆ ಹೆಗಲಿನಿಂದ ಸೊಂಟಕ್ಕೆ ಬರುವ ಬೆಲ್ಟು ಬೇರೆ. ಮುಖ ಮುಂದಕ್ಕೇ ಇರಬೇಕು, ಅಡ್ಡ ಕೂರಿಸಿದರೆ ಬ್ರೇಕು ಹಾಕಿದಾಗ ಕುರ್ಚಿ ಮಗುಚುವ ಭಯ. ಇವೆಲ್ಲ ಗೆಳೆಯ ಕಲಿಸಿದ್ದು. ನಾನು ನಾಲ್ಕು ಸಲ ಎಳೆದು ನೋಡಿದೆ. ‘ಎಮ್ಮಿ ಕಟ್ಟಿದಂಗ ಕಟ್ಟೀಯಲ್ಲೋ, ನಡಿ ಸಾಕು’ ಎಂದಳು.

ವ್ಯಾನು ಹೊರಟಿತು. ಹಿರೇಹಡಗಲಿಯ ಕಡೆಗೆ ರಸ್ತೆ, ಎರಡೂ ಕಡೆ ಒಣಗಿದ ಮೆಕ್ಕೆಜೋಳದ ದಂಟು. ನಾನು ಗಳಿಗೆಗೊಮ್ಮೆ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದೆ. ಪಟ್ಟಿ ಸಡಿಲವಾಯಿತೇ? ಗುಂಡಿಗೆ ಬೆನ್ನು ನೊಂದಿತೇ? ಐದಾರು ಸಲ ಆದಮೇಲೆ ದನಿ ಬಂತು: ‘ತಿರುಗಿ ನೋಡಬ್ಯಾಡ. ನಾ ಬರಾಕತ್ತೀನಿ.’

ಇಬ್ಬರಿಗೂ ಒಟ್ಟಿಗೆ ಕಥೆ ನೆನಪಾಗಿ ನಕ್ಕೆವು. ನಗು ನಿಂತ ಮೇಲೆ ನನಗೆ ಸ್ವಲ್ಪ ನಾಚಿಕೆಯಾಯಿತು. ಹನ್ನೆರಡು ವರ್ಷ ನಾವೆಲ್ಲ ಅವಳನ್ನು ಹೊತ್ತೆವು, ಕಾಯ್ದೆವು, ತಿರುಗಿ ತಿರುಗಿ ನೋಡಿದೆವು. ಅವಳು ತಾನಾಗಿ ಬರುವಂಥ ದಾರಿಯನ್ನು ಮಾತ್ರ ಮಾಡಿರಲಿಲ್ಲ.

ಹೂವಿನಹಡಗಲಿಯಲ್ಲಿ ಚಹಾಕ್ಕೆ ನಿಂತೆವು. ಅವಳ ಮೈಗೂ ಆ ನಿಲುಗಡೆ ಬೇಕಿತ್ತು. ಬೆನ್ನುಹುರಿಗೆ ಪೆಟ್ಟಾದವರು ಒಂದೇ ಭಂಗಿಯಲ್ಲಿ ಕೂತರೆ ಅರಿವಿಲ್ಲದೆ ಹುಣ್ಣಾಗುತ್ತದೆ. ಆಗಾಗ ಕೈಯೂರಿ ಮೈ ಎತ್ತಿ ಇಳಿಸಬೇಕು. ಹಲಗೆ ಬಿಚ್ಚಿದ್ದೇ ತಡ, ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದವರೆಲ್ಲ ಎದ್ದು ಬಂದರು. ಪಕ್ಕದಲ್ಲೇ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡಿಂಗ್ ಅಂಗಡಿ. ಅದರ ಮಾಲೀಕ ಮಸಿ ಕೈಯಲ್ಲೇ ಬಂದು ನೆಲಕ್ಕೆ ಬೆನ್ನು ಹಚ್ಚಿ ವ್ಯಾನಿನ ಕೆಳಗೆ ತೂರಿದ. ಬಹಳ ಹೊತ್ತು ಹೊರಬರಲಿಲ್ಲ. ಬಂದವನೇ ‘ಇದನ್ನ ನಾನೂ ಮಾಡ್ತೀನ್ರೀ’ ಎಂದ.

‘ಪೆಟ್ರೋಲ್ ಟ್ಯಾಂಕು, ಸೈಲೆನ್ಸರ್ ಪೈಪು, ಬ್ರೇಕಿನ ನಳಿಗೆ ಎಲ್ಲಾ ಜಾಗ ಬದಲಿ ಮಾಡಬೇಕಾಗತೈತಿ’ ಎಂದೆ. ‘ಅದಕ್ಕ ಬಲ ಕೊಟ್ಟು ಕಟ್ಟಬೇಕ್ರೀ. ಹಿಂದ ನೋಡ್ರಿ, ಎರಡು ಚಾನಲ್ ಹೆಚ್ಚು ಹಾಕ್ಯಾರ’ ಎಂದು ಅವನೇ ನನಗೆ ಪಾಠ ಹೇಳಿದ. ಮೊದಲು ಸಾರಿಗೆ ಕಚೇರಿಯ ಒಪ್ಪಿಗೆ ಬೇಕು ಎಂದಾಗ ಮಾತ್ರ ಮುಖ ಸಣ್ಣಗಾಯಿತು. ಆದರೆ ಕಾನೂನು ಅವನ ಕಡೆಗೇ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆ ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನ ಎಂಬ ಹೊಸ ವ್ಯಾಖ್ಯೆಯನ್ನೇ ಸೇರಿಸಿಕೊಂಡಿತು. ಅದಕ್ಕೂ ಮೊದಲು 1988ರ ಮೂಲ ಕಾಯ್ದೆ ಲೆಕ್ಕಕ್ಕಿಟ್ಟದ್ದು ಮೊದಲಿನಿಂದಲೇ ಅಂಗವಿಕಲರಿಗೆಂದು ತಯಾರಾದ ಗಾಡಿಯನ್ನು ಮಾತ್ರ, ‘ಬರೀ ಮಾರ್ಪಡಿಸಿದ್ದಲ್ಲ’ ಎಂದು ಒತ್ತಿ ಹೇಳಿತ್ತು. ಈಗ ಹಳೆಯ ಗಾಡಿಯನ್ನು ಬದಲಿಸಿಕೊಂಡರೂ ಅದಕ್ಕೊಂದು ಹೆಸರಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಮು ಇನ್ನೂ ಮುಂದೆ ಹೋಗುತ್ತದೆ: ಬಸ್ಸು, ರೈಲು ಎಲ್ಲವೂ ಎಲ್ಲರೂ ಹತ್ತುವಂತಿರಬೇಕು, ಸಾಧ್ಯವಿದ್ದಲ್ಲಿ ಹಳೆಯವನ್ನೂ ತಿದ್ದಬೇಕು.

ಅಷ್ಟರಲ್ಲಿ ಪಕ್ಕಕ್ಕೆ ಎರಡು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಪೋಲಿಯೋ ಆದ ಹುಡುಗನೊಬ್ಬ ಬಂದ. ಸರಕಾರದಿಂದ ಸಿಕ್ಕದ್ದಂತೆ. ನಮ್ಮ ಹಳ್ಳಿಗಳ ಕಡೆ ಅತಿ ಹೆಚ್ಚು ಕಣ್ಣಿಗೆ ಬೀಳುವ ಮಾರ್ಪಾಡಿನ ವಾಹನ ಅದೇ. ಅವನು ಚಿಗವ್ವನ ಕುರ್ಚಿ ನೋಡಿ, ‘ಇದಕ್ಕ ಮುಂದ ಮೋಟಾರ್ ಗಾಲಿ ಸಿಗಸಬಹುದಲ್ರೀ ಅವ್ವಾರ, ಫೋನಿನ್ಯಾಗ ನೋಡೀನಿ’ ಎಂದ. ಅವನು ಹೇಳಿದ್ದು ಮದ್ರಾಸಿನ ಐಐಟಿಯಲ್ಲಿ ರೂಪುಗೊಂಡು 2021ರಲ್ಲಿ ಹೊರಬಂದ ನಿಯೋಬೋಲ್ಟ್ ಇರಬೇಕು. ಅದಕ್ಕೆ ಹೊಂದುವ ಗಾಲಿಕುರ್ಚಿಯ ಮುಂದೆ ಸಿಗಿಸಿದರೆ ಗಂಟೆಗೆ 25 ಕಿಲೋಮೀಟರ್ ಓಡುವ ಮೂರುಗಾಲಿ ಗಾಡಿಯಾಗುತ್ತದೆ. ಇಬ್ಬರೂ ಗಾಲಿ, ಬ್ಯಾಟರಿ, ರೊಕ್ಕ ಎಂದು ಮಾತಿಗೆ ಬಿದ್ದರು. ನಾನು ಹೊರಗಿನವನಾದೆ.

ಹೂವಿನ ಬುಟ್ಟಿಯವಳು ಬಂದಳು. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮನ್ನಣೆ ಇದೆ. ಆದರೆ ಚಿಗವ್ವನ ತುರುಬಿಗೆ ಇಷ್ಟು ವರ್ಷ ಬೇರೆಯವರು ತಂದದ್ದೇ ಹೂ. ಅಂದು ಅವಳೇ ಗಾಲಿ ತಿರುಗಿಸಿ ಬುಟ್ಟಿಯ ಹತ್ತಿರ ಹೋದಳು. ಮೊಳ ಹಾಕುವ ಮೊಣಕೈಯನ್ನು ಅನುಮಾನದಿಂದ ನೋಡಿದಳು. ‘ನಿನ್ನ ಮೊಳಾ ಸಣ್ಣದೈತಿ’ ಎಂದು ಜಗಳ ತೆಗೆದಳು. ಹತ್ತು ರೂಪಾಯಿಯ ಆ ಜಗಳದಲ್ಲಿ ಅವಳ ಮುಖ ಬೆಳಗಿದ್ದನ್ನು ನಾನು ಮರೆಯಲಾರೆ.

ಮತ್ತೆ ರಸ್ತೆ. ನದಿಯ ಕಡೆಯ ಮಾಗಳದಲ್ಲಿ ಚಾಲುಕ್ಯರ ಕಾಲದ ಸೂರ್ಯನಾರಾಯಣ ಗುಡಿ ಇದೆ ಎಂದು ಹೇಳುವಾಗ ಅರುಣ ನೆನಪಾದ. ಸೂರ್ಯನ ಸಾರಥಿ. ಅವನಿಗೆ ತೊಡೆಯೇ ಇಲ್ಲ, ಅದಕ್ಕೇ ಅನೂರು ಎಂದು ಹೆಸರು. ದಿನಾ ಬೆಳಗಾದರೆ ಏಳು ಕುದುರೆಯ ರಥ ಹೊಡೆಯುವವನಿಗೆ ಕಾಲಿಲ್ಲ. ಬ್ರೇಕು, ಆಕ್ಸಿಲರೇಟರ್ ಎರಡನ್ನೂ ಕೈಗೆ ತಂದುಕೊಟ್ಟು ಕಾರು ನಡೆಸುವವರು ಇಂದು ಎಷ್ಟೋ ಮಂದಿ. ಅವರ ಕುಲಗುರು ಇವನೇ ಆಗಬೇಕು. ‘ಅವನ ಕೈಯಾಗ ಲಗಾಮಿತ್ತು, ಕಾಲಿನ ಮಾತ್ಯಾಕ ಬಂತು’ ಎಂದಳು ಚಿಗವ್ವ.

ಹಗರಿಬೊಮ್ಮನಹಳ್ಳಿ ದಾಟುವಾಗ ಅವಳಿಗೆ ಊರಾಚೆಯ ಸುದ್ದಿ ಹೇಳುತ್ತ ಬಂದೆ. ಲಂಡನ್ನಿನ ಕರಿ ಟ್ಯಾಕ್ಸಿಗಳೆಲ್ಲ 2000ದ ಜನವರಿಯಿಂದ ಗಾಲಿಕುರ್ಚಿ ಹತ್ತುವಂತಿರಲೇಬೇಕು. ಬೆಂಗಳೂರಿನಲ್ಲಿ 2013ರಲ್ಲಿ ಕಿಕ್‌ಸ್ಟಾರ್ಟ್ ಎಂಬ ಸಂಸ್ಥೆ ಇಂಥವರಿಗೆಂದೇ ಬಾಡಿಗೆ ಕಾರು ಶುರುಮಾಡಿತು. 2025ರ ಕೊನೆಗೆ ಮಾರುತಿಯವರು ಬೆಂಗಳೂರಿನದೇ ಒಂದು ಪುಟ್ಟ ಕಂಪನಿಯ ಜೊತೆಗೂಡಿ ವ್ಯಾಗನ್‌ಆರ್ ಕಾರಿಗೆ ಬಾಗಿಲ ಕಡೆಗೆ ಹೊರಳುವ ಸೀಟು ತಂದರು. ಬಾಗಿಲು ತೆಗೆದರೆ ಸೀಟೇ ಹೊರಗೆ ಮುಖ ಮಾಡುತ್ತದೆ, ಮುದುಕರು ಕಟ್ಟೆಯ ಮೇಲೆ ಕೂತಂತೆ ಕೂತು ಒಳಗೆ ತಿರುಗಿದರಾಯಿತು. ‘ಎಲ್ಲಾ ಬೆಂಗಳೂರಾಗೇನಪಾ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಡಗಲಿಯಲ್ಲಿ ವ್ಯಾನಿನ ಕೆಳಗೆ ಮಲಗಿದ್ದವನ ಮಸಿ ಕೈ ಮಾತ್ರ ಕಣ್ಣಿಗೆ ಕಟ್ಟಿತ್ತು.

ಮರಿಯಮ್ಮನಹಳ್ಳಿಯ ಬಳಿ ತುಂಗಭದ್ರೆಯ ಹಿನ್ನೀರು ಕಾಣಿಸಿತು. ಅಲ್ಲಿಯವರೆಗೂ ಮಾತಾಡುತ್ತಿದ್ದವಳು ಸುಮ್ಮನಾದಳು. ಹೊಳಲಿನ ಪಕ್ಕದಲ್ಲಿ ಹರಿಯುವ ಹೊಳೆಯೇ ಇಲ್ಲಿ ಇಷ್ಟಗಲ ನಿಂತಿದೆ ಎಂದು ಅವಳಿಗೆ ಕೇಳಿ ಮಾತ್ರ ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅನಂತಶಯನಗುಡಿ. 1524ರಲ್ಲಿ ರಾಯ ಕಟ್ಟಿಸಿದ್ದು. ದೂರದಿಂದಲೇ ಅದರ ಶಿಖರ ಬೇರೆ. ಮೊನೆಯಾಗಿ ಮೇಲೇರುವುದಿಲ್ಲ, ಕೊಲ್ಲಾರಿ ಬಂಡಿಯ ಕಮಾನಿನಂತೆ ಉದ್ದಕ್ಕೆ ಬಾಗಿದೆ. ಹಲಗೆ ಇಳಿಸಿ ಹಾಸುಗಲ್ಲಿನವರೆಗೆ ಹೋದೆವು. ಅಲ್ಲಿಂದ ಮೆಟ್ಟಿಲು. ಅಲ್ಲಿದ್ದ ಇಬ್ಬರು ‘ಎತ್ತೂಣೇನ್ರೀ?’ ಎಂದರು. ಚಿಗವ್ವ ಬೇಡವೆಂದು ಕೈಯಾಡಿಸಿದಳು. ‘ನೀ ಹೋಗಿ ನೋಡಿ ಬಂದು ಹೇಳು.’

ಒಳಗೆ ತಂಪು, ಕತ್ತಲೆ, ಬಾವಲಿಯ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ನಿಂತಲ್ಲೇ ನಿಂತೆ. ಗರ್ಭಗುಡಿ ಚೌಕವಿಲ್ಲ. ಅಡ್ಡಕ್ಕೆ ಉದ್ದವಾಗಿ ಚಾಚಿದೆ. ನಿಂತ ದೇವರಿಗೆ, ಕೂತ ದೇವರಿಗೆ ಕಟ್ಟುವ ಅಳತೆಯನ್ನೇ ಬಿಟ್ಟು ಮಲಗಿದವನ ಮೈಗೆ ತಕ್ಕಂತೆ ಕೋಣೆ, ಅದಕ್ಕೆ ತಕ್ಕಂತೆ ಛಾವಣಿ, ಅದಕ್ಕೆ ತಕ್ಕಂತೆ ಶಿಖರ. ‘ನೀನು ಎದ್ದು ಕೂತರೆ ಜಾಗ ಕೊಡುತ್ತೇವೆ’ ಎಂದು ಯಾರೂ ದೇವರಿಗೆ ಹೇಳಿರಲಿಲ್ಲ.

ಹೊರಬಂದು ಹೇಳಿದೆ. ಫೋನಿನಲ್ಲಿ ತೆಗೆದದ್ದನ್ನು ತೋರಿಸಿದೆ. ಅವಳು ಬೆರಳಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

‘ಮಲಗಾವನ ಅಳತಿ ತಗೊಂಡು ಕಟ್ಯಾರ?’

‘ಹೂಂ ಚಿಗವ್ವಾ.’

‘ಇಷ್ಟು ಚಂದ ಮನಿ ಕಟ್ಟಿದವ ಹಾದಿಗೊಂದು ಬಂಡಿ ಮಾಡಸಲಿಲ್ಲ ನೋಡು. ನಡಕೋತ ಬಾ ಅಂದ. ಮಲಗಿದವ ಹೆಂಗ ಬಂದಾನು?’

ಐನೂರು ವರ್ಷದಿಂದ ಹೇಳುತ್ತ ಬಂದ ಕಥೆಗೆ ಇಂಥದೊಂದು ಅರ್ಥವಿರಬಹುದೆಂದು ನನಗೆ ಹೊಳೆದಿರಲಿಲ್ಲ.

ಹಿಂದಿರುಗುವಾಗ ಪಕ್ಕದ ಕನ್ನಡಿಗಳನ್ನಷ್ಟೇ ನೋಡುತ್ತ ಓಡಿಸಿದೆ. ಹಿಂದೆ ಒಮ್ಮೊಮ್ಮೆ ಬಳೆಯ ಸದ್ದು. ಕೈಯೂರಿ ಮೈ ಎತ್ತುತ್ತಿದ್ದಾಳೆ ಎಂದು ತಿಳಿಯುತ್ತಿತ್ತು. ಮಲ್ಲಿಗೆಯ ವಾಸನೆ ಮುಂದಿನವರೆಗೂ ಬರುತ್ತಿತ್ತು.

ಹೊಳಲು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮನೆಗೆ ಮೊದಲು ಗುಡಿಯ ಮುಂದೆ ನಿಲ್ಲಿಸೆಂದಳು. ಬಾಗಿಲು ತೆರೆದಿತ್ತು. ಒಳಗಿನ ದೀಪಕ್ಕೆ ಕೈ ಮುಗಿದು, ಓಣಿಯಾಚೆಯ ನೆರೆಯವಳಿಗೆ ಹೇಳುವಷ್ಟೇ ಸಲಿಗೆಯಿಂದ ಅಂದಳು:

‘ನಿನ್ನ ಮನಿ ನೋಡಿ ಬಂದ್ನಿ. ಛಲೋ ಐತಿ. ಉದ್ದಕ ಕಾಲು ಚಾಚಬಹುದು.’