ಎರಡು ಯಾನಗಳ ನಡುವೆ ನಾಲ್ಕು ತಾಸು

ಹಡಗಿನಲ್ಲಿ ಪ್ರವಾಸ ಹೋಗುವುದೆಂದರೆ ನಮ್ಮ ಕೊಪ್ಪಳ, ಗಂಗಾವತಿ ಕಡೆಯವರಿಗೆ ಹೊಸ ಮಾತು. ಆನೆಗೊಂದಿಯ ಹರಿಗೋಲು ಬಿಟ್ಟರೆ ನೀರಿನ ಮೇಲೆ ಕುಳಿತವರು ನಮ್ಮಲ್ಲಿ ಕಡಿಮೆ. ಆದರೆ ಈಗ ಗಲ್ಫ್‌ನಲ್ಲಿ ದುಡಿಯುವ ಮಕ್ಕಳು ತಂದೆತಾಯಿಯರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ಹಂಬಲಿಸುತ್ತಾರೆ. ಅದು ಒಳ್ಳೆಯ ಹಂಬಲವೇ. ದುಬೈನಲ್ಲಿರುವ ನನ್ನ ಅಣ್ಣನ ಮಗ 2024ರ ಡಿಸೆಂಬರ್‌ನಲ್ಲಿ ರಜೆಗೆ ಬಂದವನು, ತನ್ನ ದಾದಿಗೆಂದು, ಅಂದರೆ ನನ್ನ ಅಮ್ಮಿಗೆಂದು, ಒಂದರ ಹಿಂದೆ ಒಂದು ಎರಡು ಸಮುದ್ರಯಾನಕ್ಕೆ ಟಿಕೆಟ್ ತೆಗೆಸಿದ. ಮೊದಲನೆಯದು ಮುಂಬೈಯಿಂದ ಗೋವಾಕ್ಕೆ ಹೋಗಿ ಮರಳುವುದು. ಎರಡನೆಯದು ಲಕ್ಷದ್ವೀಪಕ್ಕೆ. ಮೊದಲನೆಯದರಲ್ಲಿ ಅಮ್ಮಿಗೆ ಸಮುದ್ರ ಒಗ್ಗಿದರೆ ಅದೇ ಹಡಗಿನಲ್ಲಿ ಮುಂದುವರಿಯುವುದು, ಇಲ್ಲದಿದ್ದರೆ ಮುಂಬೈಯಲ್ಲೇ ಇಳಿದು ರೈಲು ಹತ್ತುವುದು ಎಂದು ಅವನ ಲೆಕ್ಕ.

ಎರಡು ಯಾನಗಳ ನಡುವಿನ ಆ ದಿನಕ್ಕೆ ಟರ್ನ್‌ಅರೌಂಡ್ ದಿನ ಎನ್ನುತ್ತಾರೆ. ಬೆಳಿಗ್ಗೆ ಹಡಗು ದಕ್ಕೆಗೆ ಬರುತ್ತದೆ, ಹಳೆಯ ಪ್ರಯಾಣಿಕರು ಇಳಿಯುತ್ತಾರೆ, ಕೋಣೆಗಳ ಚಾದರ ಬದಲಾಗುತ್ತದೆ, ತರಕಾರಿ, ನೀರು, ಎಣ್ಣೆ ತುಂಬುತ್ತಾರೆ, ಮಧ್ಯಾಹ್ನ ಹೊಸಬರು ಹತ್ತುತ್ತಾರೆ, ಸಂಜೆ ಹೊರಡುತ್ತದೆ. ಮದುವೆ ಮನೆಯಲ್ಲಿ ಒಂದು ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂರುವ ಹೊತ್ತಿನ ಗಡಿಬಿಡಿ ನೆನೆಸಿಕೊಳ್ಳಿ. ಎರಡೂ ಪಂಕ್ತಿಗೆ ಕರೆಸಿಕೊಂಡವರ ಪಾಡು ನಮ್ಮದು. ಅಲ್ಲೇ ಕೂತಿರುವಂತೆಯೂ ಇಲ್ಲ, ದೂರ ಹೋಗುವಂತೆಯೂ ಇಲ್ಲ.

ಹುಡುಗ ಆ ದಿನಕ್ಕೆ ಮೊಬೈಲಿನಲ್ಲಿ ದೊಡ್ಡ ಪಟ್ಟಿ ಮಾಡಿದ್ದ. ಗೇಟ್‌ವೇ, ಎಲಿಫೆಂಟಾ, ಹಾಜಿ ಅಲಿ, ಜುಹು, ಮೊಹಮ್ಮದ್ ಅಲಿ ರಸ್ತೆಯಲ್ಲಿ ಊಟ. ನಾನು ಮದ್ರಸಾದಲ್ಲಿ ಓದಿ, ಆಮೇಲೆ ಬಿ.ಎ. ಮುಗಿಸಿ, ಮಕ್ಕಳಿಗೆ ಪಾಠ ಹೇಳುವವಳು. ಟೈಮ್‌ಟೇಬಲ್ ಹಾಕುವುದು ನನ್ನ ದಿನನಿತ್ಯದ ಕೆಲಸ. ಪಟ್ಟಿ ನೋಡುತ್ತಲೇ ನನಗೆ ನಗು ಬಂತು. ಬೆಳಿಗ್ಗೆ ಏಳಕ್ಕೆ ಹಡಗು ಬಂದರೂ ನಾವು ಹೊರಬೀಳುವುದು ಒಂಬತ್ತಕ್ಕೆ. ಹತ್ತುವ ಬಾಗಿಲು ಹಡಗು ಹೊರಡುವ ಹೊತ್ತಿಗಲ್ಲ, ಅದಕ್ಕೂ ಎಷ್ಟೋ ಮೊದಲೇ ಮುಚ್ಚುತ್ತದೆ. ಮುಂಬೈಯ ಟ್ರಾಫಿಕ್ಕಿಗೆ ಹೆದರಿ ಒಂದು ಗಂಟೆಗೆ ಮರಳಬೇಕೆಂದಿಟ್ಟರೆ ಕೈಯಲ್ಲಿ ಉಳಿಯುವುದು ನಾಲ್ಕು ತಾಸು. ಹಡಗಿನವರೇ ಮಾಡಿಸುವ ಪ್ರವಾಸವಾದರೆ ತಡವಾದಾಗ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನಾವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಅದು ಯಾರಿಗೂ ಕಾಯುವುದಿಲ್ಲ.

ಆ ದಿನ ಸೋಮವಾರ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ರಜೆ ಇಲ್ಲದಿದ್ದರೂ ಗೇಟ್‌ವೇಯಿಂದ ದೋಣಿಯಲ್ಲಿ ಹೋಗಲು ಒಂದು ತಾಸು, ಬರಲು ಒಂದು ತಾಸು, ಮೇಲೆ ಹತ್ತಲು ಮೆಟ್ಟಿಲು. ಅಮ್ಮಿಗೆ ಅರವತ್ತೇಳು, ಮಂಡಿ ನೋವು ಬೇರೆ. ಅದನ್ನು ಮೊದಲು ಹೊಡೆದು ಹಾಕಿದೆ. (ಎರಡು ದಿನದ ಮೇಲೆ, ಡಿಸೆಂಬರ್ 18ರಂದು, ಅದೇ ಎಲಿಫೆಂಟಾಕ್ಕೆ ಹೊರಟಿದ್ದ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹಲವರು ತೀರಿಕೊಂಡರು. ಸುದ್ದಿ ಕೇಳಿ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.)

ಹಾಜಿ ಅಲಿಯ ವಿಷಯದಲ್ಲಿ ನನ್ನ ಮದ್ರಸಾದ ಓದು ನೆರವಿಗೆ ಬಂತು. ದರ್ಗಾ ಇರುವುದು ಸಮುದ್ರದೊಳಗೆ. ಹೋಗುವ ಕಾಲುದಾರಿ ಭರತದ ಹೊತ್ತಿಗೆ ಮುಳುಗುತ್ತದೆ. ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ದೊಡ್ಡ ಭರತ ಬರುವುದು ನಡುಹಗಲು ಮತ್ತು ನಡುರಾತ್ರಿಯ ಸುಮಾರಿಗೆ. ಅಲ್ಲಿಂದ ದಿನಕ್ಕೆ ಮುಕ್ಕಾಲು ತಾಸಿನಷ್ಟು ತಡವಾಗುತ್ತಾ ಹೋಗುತ್ತದೆ. ನಮ್ಮ ಹಿಜರಿ ತಿಂಗಳು ಚಂದ್ರನನ್ನೇ ನೋಡಿ ನಡೆಯುವುದರಿಂದ ಚಾಂದ್‌ನ ತಾರೀಖು ಗೊತ್ತಿದ್ದವರಿಗೆ ಸಮುದ್ರದ ಗಡಿಯಾರವೂ ಹೆಚ್ಚುಕಡಿಮೆ ಗೊತ್ತಿದ್ದಂತೆ. ಆ ದಿನ ಚಾಂದ್ ಹದಿನಾಲ್ಕರ ಹತ್ತಿರ. ಅಂದರೆ ನಾವು ಅಲ್ಲಿರುವ ಹೊತ್ತಿಗೆ ನೀರು ಏರುತ್ತಿರುತ್ತದೆ. ನಿಧಾನವಾಗಿ ನಡೆಯುವ ಅಮ್ಮಿಯನ್ನು ಅಂಥ ದಾರಿಗೆ ಒಯ್ಯುವುದು ಬೇಡವೆಂದೆ. ದರ್ಗಾಕ್ಕೆ ಹೋಗುವ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಆ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ಅಲ್ಲಿ ಒಳಗಿನ ಮಜಾರ್‌ವರೆಗೆ ಹೆಂಗಸರನ್ನು ಬಿಡದೆ ನಿಲ್ಲಿಸಿದ್ದಾಗ ಇಬ್ಬರು ಮುಸ್ಲಿಂ ಹೆಣ್ಣುಮಕ್ಕಳು, ನೂರ್‌ಜಹಾನ್ ನಿಯಾಝ್ ಮತ್ತು ಝಕಿಯಾ ಸೋಮನ್, ನ್ಯಾಯಾಲಯಕ್ಕೆ ಹೋದದ್ದನ್ನೂ, 2016ರಲ್ಲಿ ಬಾಂಬೆ ಹೈಕೋರ್ಟ್ ಆ ತಡೆಯನ್ನು ತೆಗೆದದ್ದನ್ನೂ ಸಹೋದರಿಯರು ತಿಳಿದಿರಬೇಕು.

ಹೀಗೆ ಪಟ್ಟಿಯಿಂದ ಒಂದೊಂದೇ ಅಳಿಸುತ್ತಾ ಬಂದಾಗ ಹುಡುಗನ ಮುಖ ಸಣ್ಣದಾಯಿತು. ಆಗ ಅಮ್ಮಿ ಮೆಲ್ಲಗೆ ಕೇಳಿದರು, “ನನಗೆ ಅದೆಲ್ಲ ಬೇಡ. ಅಬ್ಬಾ ಹಡಗು ಹತ್ತಿದ ಜಾಗ ಅಲ್ಲೇ ಎಲ್ಲೋ ಇದೆಯಲ್ಲ?”

ನನ್ನ ನಾನಾ ಕುಷ್ಟಗಿಯವರು. 1966ರಲ್ಲಿ ಹಜ್‌ಗೆ ಹೋದರು. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಒಂದು ತಾಲೂಕು. ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ ಎಂದರೆ ಆಗಿನ ಸ್ಥಿತಿಯನ್ನು ಊಹಿಸಿಕೊಳ್ಳಿ. ಕೊಪ್ಪಳದ ಸ್ಟೇಷನ್ನಿನವರೆಗೆ ಇಡೀ ಓಣಿ ಬಂದಿತ್ತಂತೆ. ಹೂವಿನ ಹಾರ, ತಕ್ಬೀರ್, ಅಳು. ಗದಗ, ವಿಜಾಪುರದ ಮೇಲೆ ಸೊಲ್ಲಾಪುರದವರೆಗೆ ಮೀಟರ್‌ಗೇಜ್, ಅಲ್ಲಿಂದ ದೊಡ್ಡ ಗಾಡಿ. ತಗಡಿನ ಪೆಟ್ಟಿಗೆಯಲ್ಲಿ ಅಕ್ಕಿ, ಜೋಳದ ಹಿಟ್ಟು, ಉಪ್ಪಿನಕಾಯಿ, ತಳದಲ್ಲಿ ಕಫನ್ ಬಟ್ಟೆ. ಹೋದವರು ಮರಳಿಯೇ ಬರುತ್ತಾರೆಂದು ಆಗ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಮುಂಬೈಯಿಂದ ಜಿದ್ದಾಕ್ಕೆ ಹಾಜಿಗಳ ಹಡಗು 1995ರವರೆಗೂ ಓಡಿತು. ಆಮೇಲೆ ಎಲ್ಲರೂ ವಿಮಾನದಲ್ಲೇ.

ನಾನಾ ಮರಳಲಿಲ್ಲ. ಹಜ್ ಮುಗಿದ ಮೇಲೆ ಮಕ್ಕಾದಲ್ಲೇ ತೀರಿಕೊಂಡರು. ಜೊತೆಗೆ ಹೋಗಿದ್ದ ಯಲಬುರ್ಗಾದವರೊಬ್ಬರು ವಾಪಸು ಬಂದು ತಿಳಿಸಿದಾಗ ಅಮ್ಮಿಗೆ ಒಂಬತ್ತು ವರ್ಷ. ಅಮ್ಮಿ ತಾವೂ ಹಜ್ ಮಾಡಿ ಬಂದಿದ್ದಾರೆ. ಆದರೆ ಜನ್ನತುಲ್ ಮುಅಲ್ಲಾದೊಳಗೆ ಹೆಂಗಸರಿಗೆ ಪ್ರವೇಶವಿಲ್ಲ, ಅಲ್ಲಿನ ಗೋರಿಗಳಿಗೆ ಹೆಸರೂ ಇಲ್ಲ. ಹೊರಗೆ ನಿಂತು ದುವಾ ಮಾಡಿ ಬಂದರು. ಅವರ ಬಳಿ ಉಳಿದಿರುವುದು ನಾನಾ ಮುಂಬೈಯಿಂದ ಉರ್ದುವಿನಲ್ಲಿ ಬರೆದ ಒಂದು ಪೋಸ್ಟ್ ಕಾರ್ಡ್. ಮುಸಾಫಿರ್‌ಖಾನಾದಲ್ಲಿ ಇದ್ದೇವೆ, ನಾಳೆ ಗೋದಿಗೆ ಹೋಗುತ್ತೇವೆ ಎಂದು ಅದರಲ್ಲಿದೆ. ಗೋದಿ ಎಂದರೆ ಮುಂಬೈಯವರ ಮಾತಿನಲ್ಲಿ ಹಡಗುಕಟ್ಟೆ. ನಮ್ಮ ಉರ್ದುವಿನಲ್ಲಿ ಮಡಿಲು. ಪಕ್ಕದ ಮನೆಯ ಬಸಮ್ಮಜ್ಜಿ ಮಾತ್ರ, ಹಜ್‌ಗೆ ಹೋದವರು ಗೋದಿ ಕೊಳ್ಳಲು ಯಾಕೆ ಹೋದರು ಎಂದು ಕೇಳಿದ್ದಳಂತೆ. ಅಮ್ಮಿ ಎಷ್ಟೋ ವರ್ಷ ಅದನ್ನು ಮಡಿಲು ಎಂದೇ ತಿಳಿದಿದ್ದರು.

ಹೀಗಾಗಿ ನಮ್ಮ ಯೋಜನೆ ಎರಡೇ ಸಾಲಿನದಾಯಿತು. ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್‌ನಿಂದ ಕ್ರಾಫರ್ಡ್ ಮಾರ್ಕೆಟ್ ಹತ್ತಿರದಲ್ಲೇ ಇದೆ. ಆ ಮಾರ್ಕೆಟ್ ಬಳಿ ಸಾಬು ಸಿದ್ದೀಕ್ ಮುಸಾಫಿರ್‌ಖಾನಾ, ಹಾಜಿಗಳು ಇಳಿದುಕೊಳ್ಳುತ್ತಿದ್ದ ಕಡೆ. ಬರುವಾಗ ರೈಲು ನಿಲ್ದಾಣದ ಪಕ್ಕದ ಹಜ್ ಹೌಸ್ ನೋಡಿ ಹಡಗಿಗೆ ವಾಪಸು. ಹುಡುಗ ಇಷ್ಟೇನಾ ಎಂದ. ಇಷ್ಟೇ ಎಂದೆ.

ಹೊರಡುವ ಮುಂಚೆ ಮಾಡಬೇಕಾದದ್ದು ಒಂದಿಷ್ಟು ಇರುತ್ತದೆ. ಎರಡೂ ಟಿಕೆಟಿಗೆ ಒಂದೇ ಕೋಣೆ ಸಿಗುವಂತೆ ಮೊದಲೇ ಕೇಳಿಕೊಳ್ಳಬೇಕು. ಆಗ ಸಾಮಾನು ಅಲ್ಲೇ ಇಡಬಹುದು. ಕೋಣೆ ಬೇರೆಯಾದರೆ ಹಿಂದಿನ ರಾತ್ರಿಯೇ ಕಟ್ಟಿ, ಚೀಟಿ ಅಂಟಿಸಿ ಕೊಡಬೇಕು. ಮೊದಲ ಯಾನದ ಖರ್ಚಿನ ಲೆಕ್ಕ ಆ ಬೆಳಿಗ್ಗೆ ಮುಗಿಸಿ ಎರಡನೆಯದರ ಕಾರ್ಡು ಪಡೆಯಬೇಕು. ಮುಂದುವರಿಯುವ ಪ್ರಯಾಣಿಕರು ಯಾವ ಬಾಗಿಲಿನಿಂದ ಮರಳಬೇಕು ಎಂಬುದನ್ನು ಇಳಿಯುವ ಮುಂಚೆ ಕೇಳಿಕೊಂಡರೆ ಉದ್ದ ಸಾಲು ತಪ್ಪುತ್ತದೆ. ಗುರುತಿನ ಚೀಟಿಯ ಮೂಲಪ್ರತಿ ಬೇಕೇ ಬೇಕು. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪರ್ಮಿಟ್ ಬೇಕು, ಅದರ ಕಾಗದ ಮನೆಯಲ್ಲಿರುವಾಗಲೇ ಆಗಬೇಕು. ಮಾತ್ರೆಗಳು ಕೈಚೀಲದಲ್ಲಿರಲಿ. ಗಂಡಸರು ಯೋಜನೆ ಮಾಡುವಾಗ ಊಟ ಎಲ್ಲಿ ಎಂದು ಕೇಳುತ್ತಾರೆ. ಶೌಚಾಲಯ ಎಲ್ಲಿ ಎಂದು ಕೇಳಬೇಕಾದವರು ನಾವೇ. ಇದರಲ್ಲಿ ನಾಚಿಕೆ ಬೇಡ.

ಆ ದಿನ ಅಂದುಕೊಂಡಂತೆಯೇ ನಡೆಯಿತು. ಮುಸಾಫಿರ್‌ಖಾನಾದ ಎದುರು ರಸ್ತೆ ಎಂದರೆ ಕೈಗಾಡಿ, ಟ್ಯಾಕ್ಸಿ, ಹೊರೆ ಹೊತ್ತವರು. ನಿಲ್ಲಲು ಜಾಗವಿಲ್ಲ. ಹುಡುಗ ಒಂದು ಅಂಗಡಿಯವರನ್ನು ಕೇಳಿ ಸ್ಟೂಲು ತಂದ. ಅಮ್ಮಿ ಪ್ಲಾಸ್ಟಿಕ್ ಕವರಿನಿಂದ ಆ ಕಾರ್ಡು ತೆಗೆದು ನನ್ನ ಕೈಗಿತ್ತು ಓದು ಎಂದರು. ಓದಿದೆ. ಎಲ್ಲರಿಗೂ ಸಲಾಂ, ಸಾಲ ಕೊಡಬೇಕಾದವರ ಎರಡು ಹೆಸರು, ಕೊನೆಗೆ, ಎಮ್ಮೆ ಈದಿತೇ ತಿಳಿಸಿ ಎಂದು. “ಈದಿತ್ತು,” ಎಂದರು ಅಮ್ಮಿ, ಕಟ್ಟಡದ ಕಡೆ ನೋಡುತ್ತಾ, “ಹೆಣ್ಣು ಕರು. ಬರೆಯುವಷ್ಟರಲ್ಲಿ ಹಡಗು ಹೋಗಿತ್ತು.” ಅಂಗಡಿಯವರು ಚಹಾ ತರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಹಳೆಯ ಹಡಗುಕಟ್ಟೆಗಳೊಳಗೆ ಪಾಸ್ ಇಲ್ಲದವರನ್ನು ಬಿಡುವುದಿಲ್ಲ. ಪ್ರಿನ್ಸೆಸ್ ಡಾಕ್, ವಿಕ್ಟೋರಿಯಾ ಡಾಕ್ ಎಂಬ ಎರಡನ್ನಂತೂ ಮಣ್ಣು ತುಂಬಿ ನೆಲ ಮಾಡಿಬಿಟ್ಟಿದ್ದಾರೆ. ಹಡಗಿನ ಪ್ರಯಾಣಿಕರಿಗೆ 2025ರಲ್ಲಿ ಹೊಸ ದೊಡ್ಡ ಟರ್ಮಿನಲ್ ಕಟ್ಟಡವೂ ಆಯಿತು. ಅಮ್ಮಿಗೆ ನಾನು ಹೇಳಿದೆ, ಟ್ಯಾಕ್ಸಿಯಲ್ಲಿ ಹುಡುಕುತ್ತಾ ಅಲೆಯುವುದು ಬೇಡ, ನಮ್ಮ ಹಡಗು ಹೊರಡುವುದೂ ಇದೇ ಬಂದರಿನಿಂದ, ನಾನಾ ನೋಡಿದ್ದೂ ಇದೇ ನೀರು.

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಹಡಗಿನಲ್ಲಿದ್ದೆವು. ಕಸ್ರ್ ನಮಾಝ್ ಮುಗಿಸಿ ಊಟ ಮಾಡಿದೆವು. ಸಂಜೆ ಮತ್ತೆ ಅಪಾಯದ ಗಂಟೆ ಬಾರಿಸಿ ಎಲ್ಲರನ್ನೂ ಕರೆದು ಜೀವರಕ್ಷಕ ಜಾಕೆಟ್ ಹಾಕುವುದನ್ನು ತೋರಿಸಿದರು. ಇಟಲಿಯಲ್ಲಿ 2012ರಲ್ಲಿ ದೊಡ್ಡ ಪ್ರವಾಸಿ ಹಡಗೊಂದು ಮಗುಚಿದ ಮೇಲೆ ನಿಯಮ ಬಿಗಿಯಾಗಿದೆ. ಹೊಸ ಯಾನವೆಂದರೆ ಹೊರಡುವ ಮುಂಚೆಯೇ ಹೊಸದಾಗಿ ಅಭ್ಯಾಸ. ಮೊನ್ನೆ ತಾನೇ ಮಾಡಿದೆವಲ್ಲ ಎಂದು ಅಮ್ಮಿ ಗೊಣಗಿದರೂ ಎದ್ದು ಬಂದರು.

ಹಡಗು ಕದಲಿದಾಗ ಅವರು ಕಟಕಟೆ ಹಿಡಿದು ದಡದ ಕಡೆಯೇ ನೋಡುತ್ತಿದ್ದರು. ದೀಪಗಳು ಸಣ್ಣದಾದ ಮೇಲೆ ಜಿದ್ದಾ ಯಾವ ಕಡೆ ಎಂದು ಕೇಳಿದರು. ಪಡುವಣಕ್ಕೆ ತುಸು ಬಡಗಿನ ಓರೆ ಇಟ್ಟು ಕೈ ತೋರಿಸಿದೆ. ಅಷ್ಟರಲ್ಲಿ ಹಡಗು ತೆಂಕಣಕ್ಕೆ ಹೊರಳುತ್ತಿತ್ತು. ನನ್ನ ಕೈ ಹಿಡಿದು ಅದನ್ನು ಸರಿಯಾದ ದಿಕ್ಕಿಗೆ ಅವರೇ ತಿರುಗಿಸಿಕೊಂಡರು.