ಹೊಸ ಬಡಗಿಯ ಚೀಲ

ಮರಗೆಲಸವನ್ನು ಹವ್ಯಾಸವಾಗಿ ಕೈಗೊಳ್ಳಲು ಹೊರಟವನ ಕಣ್ಣಿಗೆ ಅಂಗಡಿಯಲ್ಲಿ ಮೊದಲು ಬೀಳುವುದು ಕೊಯ್ಯುವ, ಕೆತ್ತುವ ಆಯುಧಗಳು. ಗೆರೆಯ ನೇರವನ್ನು ನೋಡುವ ಮೂಲೆಮಟ್ಟವೂ ಅಲಗನ್ನು ಮಸೆಯುವ ಸಾಣೆಕಲ್ಲೂ ಗರಗಸ, ಉಳಿಗಳ ಹೊಳಪಿನ ಮುಂದೆ ಮಂಕಾಗಿ ತೋರುವುದರಿಂದ ಅವು ಹೊಸಬರ ಪಟ್ಟಿಯ ಕೊನೆಗೆ ಸೇರುತ್ತವೆ, ಇಲ್ಲವೇ ಸೇರುವುದೇ ಇಲ್ಲ. ಆದರೆ ಮೊದಲ ಹಣವು ಸಲ್ಲಬೇಕಾದದ್ದು ಇವೆರಡಕ್ಕೇ ಎಂಬುದು ಈ ಪ್ರಬಂಧದ ಕರ್ತೃವಿನ ದೃಢವಾದ ಅಭಿಪ್ರಾಯ.

ಆಯುಧಗಳ ಸಂಖ್ಯೆಗೂ ಆಗುವ ಕೆಲಸಕ್ಕೂ ನಂಟು ಬಹಳ ಸಡಿಲವೆಂಬುದಕ್ಕೆ ಇಂಗ್ಲೆಂಡಿನ ರಾಚೆಸ್ಟರ್ ಪಟ್ಟಣದ ಗಿಲ್ಡ್‌ಹಾಲ್ ವಸ್ತುಸಂಗ್ರಹಾಲಯದಲ್ಲಿರುವ ಒಂದು ಪೆಟ್ಟಿಗೆ ಸಾಕ್ಷಿ ನುಡಿಯುತ್ತದೆ. 1796ರ ಡಿಸೆಂಬರಿನಲ್ಲಿ ಜೋಸೆಫ್ ಸೀಟನ್ ಎಂಬಾತನು ತನ್ನ ಮಗ ಬೆಂಜಮಿನ್‌ಗಾಗಿ ಲಂಡನ್ನಿನ ಗೇಬ್ರಿಯಲ್ ಎಂಬ ವರ್ತಕನ ಅಂಗಡಿಯಿಂದ ಬಡಗಿಯ ಆಯುಧಗಳನ್ನು ಸಮಗ್ರವಾಗಿ ಕೊಂಡನು. ಮಗನು ಮರುವರ್ಷ ಅವನ್ನೆಲ್ಲ ಇಡಲು ಸೊಗಸಾದ ಪೆಟ್ಟಿಗೆಯೊಂದನ್ನು ಮಾಡಿದನು, ಅವುಗಳ ಪಟ್ಟಿಯೂ ಉಳಿದುಬಂದಿದೆ. ಮುಂದೆ ಅವನ್ನು ಅವನು ಹೆಚ್ಚು ಬಳಸಿದಂತಿಲ್ಲ. ದಿನವೂ ದುಡಿಯುವ ಉಳಿಯು ಮಸೆದು ಮಸೆದು ಮೋಟಾಗಿ, ಕೊನೆಗೆ ಗುಜರಿ ಸೇರುತ್ತದೆ. ಸೀಟನ್ನನ ಆಯುಧಗಳು ಹೆಚ್ಚು ಸವೆಯದೆ ಉಳಿದದ್ದರಿಂದಲೇ ಹದಿನೆಂಟನೆಯ ಶತಮಾನದ ಉಳಿ, ಗರಗಸಗಳು ಹೊಸದಾಗಿದ್ದಾಗ ಹೇಗಿದ್ದವೆಂದು ಇಂದಿನ ವಿದ್ವಾಂಸರಿಗೆ ತಿಳಿಯುವಂತಾಯಿತು. ಇತಿಹಾಸಕ್ಕೆ ಉಪಕಾರ ಮಾಡುವುದೇ ಗುರಿಯಾದರೆ ಯಾರಾದರೂ ಈ ಮಾರ್ಗವನ್ನು ಹಿಡಿಯಬಹುದು.

ಕನ್ನಡ ನಾಡಿನ ಹಳ್ಳಿಯ ಬಡಗಿಯದು ಇದಕ್ಕೆ ತೀರ ವಿರುದ್ಧವಾದ ರೀತಿ. ಊರಿನ ಹನ್ನೆರಡು ಆಯಗಾರರಲ್ಲಿ ಒಬ್ಬನಾಗಿ, ರೈತರ ನೇಗಿಲು, ಕುಂಟೆ, ಗಾಡಿಗಳನ್ನು ಮಾಡಿಕೊಟ್ಟು, ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ತನ್ನ ಪಾಲನ್ನು, ಅಂದರೆ ಆಯವನ್ನು, ಪಡೆಯುತ್ತಿದ್ದ ಅವನು ಮರವನ್ನು ಕೆತ್ತಲು ಬಾಚಿ, ಕಂಡಿ ತೆಗೆಯಲು ಉಳಿ, ತೂತು ಕೊರೆಯಲು ಬೈರಿಗೆ, ಉಳಿಯ ಮೇಲೆ ಹೊಡೆಯಲು ಮರದ ಕೊಡತಿ, ಜೊತೆಗೆ ಒಂದೆರಡು ಗರಗಸ, ಇಷ್ಟರಲ್ಲೇ ಬಹುಪಾಲು ಕೆಲಸವನ್ನು ತೂಗಿಸುತ್ತಿದ್ದನು. ಕಬ್ಬಿಣದ ಭಾಗ ಕಮ್ಮಾರನ ಕುಲುಮೆಯಿಂದ ಬರುತ್ತಿತ್ತು, ಹಿಡಿಯನ್ನು ಅವನೇ ಹಾಕಿಕೊಳ್ಳುತ್ತಿದ್ದನು. ನೆಲದ ಮೇಲೆ ಕುಳಿತು ಹಲಗೆಯನ್ನು ಪಾದದಿಂದ ಅದುಮಿ ಹಿಡಿಯುತ್ತಿದ್ದ ಅವನಿಗೆ ಯುರೋಪಿನ ಬಡಗಿಯ ಭಾರವಾದ ಮೇಜು ಬೇಕೆನಿಸಲಿಲ್ಲ.

ಕಚೇರಿಯ ಕಾಗದಪತ್ರಗಳ ನಡುವೆಯೇ ನಡುವಯಸ್ಸನ್ನು ದಾಟಿ, ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಬಾಲ್ಕನಿಯಲ್ಲಿ ಮರಗೆಲಸಕ್ಕೆ ತೊಡಗಿದ ಈ ಪ್ರಬಂಧದ ಕರ್ತೃವಿಗೆ ನೆಲದ ಮೇಲೆ ಕೂರುವ ಹಳ್ಳಿಯ ಕ್ರಮ ಮೊಣಕಾಲುಗಳ ಕಾರಣದಿಂದಲೂ, ಭಾರವಾದ ಮೇಜು ಮನೆಯವರ ಕಾರಣದಿಂದಲೂ ಒದಗಲಿಲ್ಲವಾದರೂ, ಆಯುಧಗಳ ಎಣಿಕೆಯ ವಿಷಯದಲ್ಲಿ ಹಳ್ಳಿಯ ಚೀಲವೇ ಮಾದರಿಯಾಯಿತು. ಮೂಲೆಮಟ್ಟವೆಂದರೆ ಮರದ ಅಥವಾ ಕಬ್ಬಿಣದ ದಪ್ಪ ಬುಡಕ್ಕೆ 90 ಡಿಗ್ರಿಗೆ ಕೂಡಿಸಿದ ಉಕ್ಕಿನ ಪಟ್ಟಿ. ಬುಡವನ್ನು ಹಲಗೆಯ ನೇರವಾದ ಅಂಚಿಗೆ ಒತ್ತಿ ಒಂದು ಗೆರೆ ಎಳೆದು, ಬಳಿಕ ಮಗ್ಗುಲು ಬದಲಿಸಿ ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆದಾಗ ಎರಡೂ ಒಂದಾಗಬೇಕು. ಗೆರೆಗಳು ಬೇರ್ಪಟ್ಟರೆ ಆ ಅಂತರವು ಮಟ್ಟದ ದೋಷದ ಎರಡರಷ್ಟಿರುತ್ತದೆ. ಎಸ್.ಜೆ.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಮೂಲೆಮಟ್ಟಗಳನ್ನು ಸಾಲಾಗಿ ಹೀಗೆ ಪರೀಕ್ಷಿಸತೊಡಗಿದ ಗಿರಾಕಿಯನ್ನು ನೋಡಿ ಅಂಗಡಿಯವನು, 'ಸಾರ್, ಮನೆ ಕಟ್ಟಿಸ್ತಿದ್ದೀರಾ, ಒಂದು ಮಣೆ ಮಾಡ್ತಿದ್ದೀರಾ?' ಎಂದು ಕೇಳಿದನು. ಮಣೆಯೇ ಆದರೂ ಅದರ ಕಾಲುಗಳು ನೆಟ್ಟಗಿರಬೇಕಾದದ್ದು ನ್ಯಾಯ.

ಉಳಿಗಳನ್ನು ಆರರ ಸೆಟ್ಟಾಗಿ ಕೊಳ್ಳುವುದಕ್ಕಿಂತ ಅರ್ಧ ಇಂಚಿನದೊಂದು, ಒಂದು ಇಂಚಿನದೊಂದು ಕೊಂಡು, ಉಳಿದ ಹಣವನ್ನು ಒರಟು ಮತ್ತು ನಯವಾದ ಎರಡು ಮೈಗಳಿರುವ ಸಾಣೆಕಲ್ಲಿಗೆ ಹಾಕುವುದು ಲೇಸು. ಅಂಗಡಿಯಿಂದ ಬಂದ ಉಳಿಯು ಸಾಮಾನ್ಯವಾಗಿ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ: ಅದರ ಚಪ್ಪಟೆ ಬೆನ್ನನ್ನು ತುದಿಯ ಬಳಿ ಕನ್ನಡಿಯಂತಾಗುವವರೆಗೆ ಉಜ್ಜಿ, ಇಳಿಜಾರಿನ ಮುಖವನ್ನು 25ರಿಂದ 30 ಡಿಗ್ರಿಯ ಕೋನದಲ್ಲಿ ಮಸೆಯಬೇಕು. ಮಸೆದಾಗ ತುದಿಯಲ್ಲಿ ಉಕ್ಕಿನ ತೆಳುವಾದ ಎಳೆಯೊಂದು ಬೆನ್ನಿನ ಕಡೆಗೆ ಮಡಚಿಕೊಂಡು ಬೆರಳಿಗೆ ತಾಗುತ್ತದೆ. ಬೆನ್ನನ್ನು ಮತ್ತೆ ಕಲ್ಲಿಗೆ ಒತ್ತಿ ಅದನ್ನು ತೆಗೆದ ಮೇಲಷ್ಟೇ ಉಳಿಗೆ ಹದ ಬಂದಂತೆ. ಮೃದುವಾದ ಮರದ ಅಡ್ಡಕೊಯ್ತದ ಮೈಯನ್ನು ಅದು ಪುಡಿಮಾಡದೆ ನುಣ್ಣಗೆ ಸೀಳಿದರೆ ಬೇರೆ ಪರೀಕ್ಷೆ ಬೇಡ.

ಹತ್ತರಿಯ ವಿಷಯ ಇನ್ನಷ್ಟು ವಿವರವನ್ನು ಬೇಡುತ್ತದೆ. ಕೆಲವೆಡೆ ಉಜ್ಜುಗೊರಡು, ತೋಪಡ ಎಂದು ಕರೆಯುವ, ಮರವನ್ನು ಹೆರೆದು ನಯಗೊಳಿಸುವ ಈ ಸಾಧನದ ಮೂಲಸ್ವರೂಪ, ಎಂದರೆ ಒಂದು ಒಡಲು, ಓರೆಯಾಗಿ ನಿಂತ ಅಲಗು, ಅದನ್ನು ಬಿಗಿಹಿಡಿಯುವ ಬೆಣೆ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯಿಂದ ಹೂತುಹೋದ ಪಾಂಪೆ ನಗರದಲ್ಲಿ ದೊರೆತ ಹತ್ತರಿಗಳಲ್ಲೇ ಇದೆ. ಮರದ ಹತ್ತರಿಯಲ್ಲಿ ಅಲಗಿನ ತಲೆಗೆ ಮೆಲ್ಲಗೆ ತಟ್ಟಿದರೆ ಅದು ಕೆಳಗಿಳಿಯುತ್ತದೆ, ಒಡಲಿನ ಹಿಂಬದಿಗೆ ತಟ್ಟಿದರೆ ಹಿಂದೆ ಸರಿಯುತ್ತದೆ. ಆ ಪೆಟ್ಟಿನ ಹದವು ಕೈಗೆ ಕೂರಲು ಕಾಲ ಹಿಡಿಯುತ್ತದೆ. ಅಮೆರಿಕದ ಲಿಯೊನಾರ್ಡ್ ಬೇಲಿ ಎಂಬುವನು ತಿರುಪು ತಿರುಗಿಸಿ ಅಲಗನ್ನು ಏರಿಳಿಸುವ ಕಬ್ಬಿಣದ ಹತ್ತರಿಯನ್ನು ರೂಪಿಸಿದ್ದು ಹೊಸಬರ ಪಾಲಿಗೆ ವರವಾಯಿತು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ಉದ್ಯಮವನ್ನು ಕೊಂಡಿತು. ಅಂದಿನ ಕ್ರಮಸಂಖ್ಯೆಗಳೇ ಇಂದಿಗೂ ರೂಢಿಯಲ್ಲಿದ್ದು, ಕೇವಲ ನಯಗೊಳಿಸುವ 4ನೆಯ ಸಂಖ್ಯೆಯದಕ್ಕಿಂತ ಸುಮಾರು 14 ಇಂಚು ಉದ್ದದ 5ನೆಯ ಸಂಖ್ಯೆಯ ಹತ್ತರಿಯೇ ಮೊದಲ ಕೊಳ್ಳುವಿಕೆಗೆ ತಕ್ಕದ್ದು, ಏಕೆಂದರೆ ಅದು ಒರಟು ಹಲಗೆಯ ಉಬ್ಬುತಗ್ಗುಗಳನ್ನು ಸಮ ಮಾಡುವುದಕ್ಕೂ ಅಂಚನ್ನು ನೇರಗೊಳಿಸುವುದಕ್ಕೂ ಒದಗುತ್ತದೆ. ಭಾನುವಾರದ ಸಂತೆಯಲ್ಲಿ ಸಿಗುವ ತುಕ್ಕು ಹಿಡಿದ ಹಳೆಯ ಹತ್ತರಿಯೂ ಆದೀತು. ತುಕ್ಕು ಉಜ್ಜಿದರೆ ಹೋಗುತ್ತದೆ, ಒಡಲು ಬಿರುಕು ಬಿಟ್ಟಿದ್ದರೆ ಮಾತ್ರ ಕೆಳಗಿಡುವುದು ವಿವೇಕ.

ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಎಂಬಂತೆ ತುಸು ಬಾಗಿಸುವುದರಿಂದ ಕೊಯ್ತದ ದಾರಿ ಅಗಲವಾಗಿ ಅಲಗು ಸಿಕ್ಕಿಕೊಳ್ಳುವುದಿಲ್ಲ. ರೋಮಿನ ಪ್ಲಿನಿ ಮೊದಲನೆಯ ಶತಮಾನದಲ್ಲೇ ಈ ಕ್ರಮವನ್ನು ದಾಖಲಿಸಿದ್ದಾನೆ. ಎಳೆಗೆ ಅಡ್ಡವಾಗಿ ಕೊಯ್ಯುವ ಹಲ್ಲು ಚಾಕುವಿನ ತುದಿಯಂತೆಯೂ ಎಳೆಯುದ್ದಕ್ಕೆ ಸೀಳುವ ಹಲ್ಲು ಪುಟ್ಟ ಉಳಿಯಂತೆಯೂ ಇರುತ್ತದೆ. ಆರಂಭಕ್ಕೆ ಅಡ್ಡಕೊಯ್ತದ್ದೊಂದು ಸಾಕು. ಈಗ ಅಗ್ಗಕ್ಕೆ ಸಿಗುವ, ಹಲ್ಲಿನ ತುದಿಗಳನ್ನು ಮಾತ್ರ ವಿಶೇಷವಾಗಿ ಗಡುಸುಗೊಳಿಸಿದ ಗರಗಸಗಳು ಬಹುಕಾಲ ಹರಿತವಾಗಿರುತ್ತವಾದರೂ ಅವುಗಳ ಮೇಲೆ ಅರ ಓಡುವುದಿಲ್ಲ. ಮೊಂಡಾದವೆಂದರೆ ಎಸೆಯುವುದೇ ಗತಿ. ಕೊಡತಿಯನ್ನು ಕೊಳ್ಳುವ ಅಗತ್ಯವಿಲ್ಲ, ಗಟ್ಟಿ ಮರದ ತುಂಡೊಂದರಿಂದ ಅದನ್ನು ಮಾಡಿಕೊಳ್ಳುವುದೇ ಮೊದಲ ಪಾಠವಾಗಬಲ್ಲದು. ವಿದ್ಯುತ್ ಡ್ರಿಲ್ ಹಲವರ ಮನೆಯಲ್ಲಿ ಹೇಗೂ ಇರುತ್ತದೆ.

ಮರದ ಆಯ್ಕೆಯಲ್ಲಿ ತೇಗ, ಬೀಟೆಗಳನ್ನು ಸದ್ಯಕ್ಕೆ ದೂರವಿಟ್ಟು ಸಿಲ್ವರ್ ಓಕ್ ಹಲಗೆಯಿಂದ ತೊಡಗಬಹುದು. ಆಸ್ಟ್ರೇಲಿಯಾ ಮೂಲದ ಈ ಮರವನ್ನು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗಾಗಿಯೂ ಮೆಣಸಿನ ಬಳ್ಳಿಯನ್ನು ಹಬ್ಬಿಸುವುದಕ್ಕಾಗಿಯೂ ಬೆಳೆಸುವುದರಿಂದ ಅದು ದುಬಾರಿಯಲ್ಲ, ಆಯುಧಕ್ಕೂ ಸುಲಭವಾಗಿ ಒಲಿಯುತ್ತದೆ. ಆದರೆ ಹಸಿ ಹಲಗೆ ಒಣಗುತ್ತ ಕುಗ್ಗಿ ಸೊಟ್ಟಗಾಗುವುದರಿಂದ, ತಂದ ಕೂಡಲೇ ಕೆಲಸಕ್ಕೆ ಹಚ್ಚದೆ, ನಡುವೆ ಚಿಕ್ಕ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ ತಿಂಗಳುಗಟ್ಟಲೆ ಬಿಡಬೇಕಾಗುತ್ತದೆ. ಉಳಿಯ ಬೆನ್ನನ್ನು ಸಾಣೆಕಲ್ಲಿಗೆ ಉಜ್ಜಿ ಸಮ ಮಾಡಲು ಆ ಬಿಡುವು ಧಾರಾಳವಾಗಿ ಸಾಕಾಗುತ್ತದೆ.