ಅಬ್ಬಕ್ಕನ ಕಡಲಸೀಮೆಯಲ್ಲಿ

ಮೈಸೂರಿನವರಿಗೆ ಅರಮನೆಯೆಂಬುದು ದಿನನಿತ್ಯ ಕಣ್ಣಿಗೆ ಬೀಳುವ ವಸ್ತು. 1912ರಲ್ಲಿ ಪೂರ್ಣಗೊಂಡ ಅಂಬಾವಿಲಾಸದ ಗೋಪುರಗಳನ್ನು ನೋಡುತ್ತ ಬೆಳೆದವರು, ರಾಜವೈಭವವೆಂದರೆ ಹೀಗೆಯೇ ಇರತಕ್ಕದ್ದೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಸರಸ್ವತೀಪುರದ ಆ ದಂಪತಿಗಳು ಉಳ್ಳಾಲಕ್ಕೆ ಹೊರಟಾಗಲೂ ಹೀಗೆಯೇ ಭಾವಿಸಿದ್ದರು. ಗಂಡನಿಗೆ ಬೇಕಾಗಿದ್ದುದು ಕಡಲ ಗಾಳಿ. ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುವ ಹೆಂಡತಿಗಾದರೋ, ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ರಾಣಿ ಅಬ್ಬಕ್ಕನ ಊರನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲ.

ಹುಣಸೂರು, ಮಡಿಕೇರಿಗಳನ್ನು ದಾಟಿ ಸಂಪಾಜೆಯ ಘಟ್ಟವಿಳಿದು, ಸುಳ್ಯ, ಪುತ್ತೂರುಗಳ ಅಡಿಕೆ ತೋಟಗಳ ನಡುವೆ ಸಾಗಿದ ಬಸ್ಸು ಸಂಜೆಗೆ ಮಂಗಳೂರು ಮುಟ್ಟಿತು. ಮರುದಿನ ಬೆಳಗ್ಗೆ ನೇತ್ರಾವತಿಯ ಸೇತುವೆಯನ್ನು ದಾಟಿದರೆ ಉಳ್ಳಾಲ.

ಅಲ್ಲಿ ಅರಮನೆಯಿಲ್ಲ. ಸೋಮೇಶ್ವರದಲ್ಲಿ ಬಂಡೆಯ ಮೇಲೆ ಕಡಲಿಗೆ ಎದುರಾಗಿ ನಿಂತ ಸೋಮನಾಥನ ಗುಡಿಯುಂಟು; ಅದರ ಕೆಳಗೆ ಅಲೆಗಳ ಹೊಡೆತಕ್ಕೆ ಮೈಯೊಡ್ಡಿದ ಕಪ್ಪು ಶಿಲೆಗಳುಂಟು; ಸೈಯದ್ ಮದನಿಯವರ ದರ್ಗಾ ಉಂಟು; ಕಡಲ್ಕೊರೆತವನ್ನು ತಡೆಯಲು ದಡದುದ್ದಕ್ಕೂ ಸುರಿದ ಕಲ್ಲುಗಳ ರಾಶಿಯುಂಟು. ಹದಿನಾರನೆಯ ಶತಮಾನದಲ್ಲಿ ಅಕ್ಕಿ, ಕರಿಮೆಣಸು ತುಂಬಿದ ನಾವೆಗಳು ಈ ಕರಾವಳಿಯಿಂದ ಅರಬ್ಬೀ ಬಂದರುಗಳಿಗೆ ಹೋಗುತ್ತಿದ್ದುವು. ತಮ್ಮ ಪರವಾನೆಯಿಲ್ಲದೆ ಯಾವ ಹಡಗೂ ಚಲಿಸಕೂಡದೆಂದು ಪೋರ್ಚುಗೀಸರ ಕಟ್ಟಳೆ. ಅದಕ್ಕೆ ತಲೆಬಾಗದ ಚೌಟ ಮನೆತನದ ಊರು ಇದು. ಅಬ್ಬಕ್ಕನೆಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆಂದು ವಿದ್ವಾಂಸರು ಹೇಳುತ್ತಾರೆ. ಜನರ ನಾಲಗೆಯಲ್ಲಿ ಮಾತ್ರ ಅವಳು ಒಬ್ಬಳೇ.

ಗಂಡ ಬಂಡೆಯ ಮೇಲೆ ಕುಳಿತು ಕಡಲನ್ನು ನೋಡುತ್ತಿದ್ದರು. ಹೆಂಡತಿ ಗ್ರಂಥಾಲಯದಲ್ಲಿ ಬರೆದುಕೊಂಡಿದ್ದ ಟಿಪ್ಪಣಿಯನ್ನು ಬಿಚ್ಚಿದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಒಳನಾಡಿನ ಮಣೇಲಿನಲ್ಲಿ ಕಂಡ ಸಂಗತಿ ಅದರಲ್ಲಿತ್ತು. ರಾಣಿ ತಾನು ಮಾಡಿಸುತ್ತಿದ್ದ ಅಗೆತದ ಕೆಲಸವನ್ನು ನೋಡಲು ಬೀದಿಯಲ್ಲಿ ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ತಲೆಯ ಮೇಲೆ ಗರಿಯ ಕೊಡೆ. ಮೊದಲ ನೋಟಕ್ಕೆ ಅಡಿಗೆಯ ಹೆಂಗಸಿನಂತೆ ತೋರಿದವಳು ಬಾಯ್ದೆರೆದು ಮಾತನಾಡಿದಾಗ ರಾಣಿಯಾಗಿ ಕಂಡಳೆಂದು ಅವನು ಬರೆದಿದ್ದಾನೆ. ಈ ದೆಲ್ಲಾ ವಾಲೆಯೂ ಸಾಮಾನ್ಯನಲ್ಲ: 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ತೀರಿಕೊಂಡ ಮಡದಿಯ ದೇಹವನ್ನು ಮಣ್ಣು ಮಾಡಲೊಲ್ಲದೆ, ಪೆಟ್ಟಿಗೆಯಲ್ಲಿರಿಸಿ ರೋಮಿಗೆ ಒಯ್ಯುತ್ತಿದ್ದ ಪುರುಷ. ಅವನೆದುರಿಗೆ ನಿಂತಿದ್ದವಳು ಗಂಡನನ್ನು ತೊರೆದ ಹೆಣ್ಣು.

ಆ ಗಂಡ ಮಂಗಳೂರಿನ ಬಂಗ ಅರಸ. ಮನಸ್ಸು ಮುರಿದಾಗ ರಾಣಿ ಅವನು ಕೊಟ್ಟಿದ್ದ ಒಡವೆಗಳನ್ನು ಹಿಂದಕ್ಕೆ ಕಳುಹಿಸಿದಳು; ಅಲ್ಲಿಗೆ ಸಂಬಂಧ ಹರಿಯಿತು. ಅವನು ಪೋರ್ಚುಗೀಸರ ಮೊರೆಹೊಕ್ಕ. ಇವಳು ಕೆಳದಿಯ ವೆಂಕಟಪ್ಪ ನಾಯಕನ ಬೆಂಬಲ ಪಡೆದಳು. ಅಳಿಯಸಂತಾನದ ನಾಡಿನಲ್ಲಿ ಆಸ್ತಿ, ಅಧಿಕಾರಗಳು ಹೆಣ್ಣಿನ ಬಳಿಯಲ್ಲಿಯೇ ಹರಿದುಬರುವುದರಿಂದ, ಗಂಡನನ್ನು ಬಿಟ್ಟ ಮಾತ್ರಕ್ಕೆ ಅವಳ ನೆಲ ಅವಳ ಕೈತಪ್ಪಲಿಲ್ಲ. ಘಟ್ಟದ ಮೇಲಿನವರಿಗೆ ಇದು ಅಷ್ಟು ಸುಲಭವಾಗಿ ಮನಸ್ಸಿಗೆ ಹತ್ತುವ ವಿಷಯವಲ್ಲ.

"ಒಡವೆಯನ್ನೆಲ್ಲಾ ಕೊಟ್ಟುಬಿಟ್ಟಳೇನು?" ಎಂದರು ಗಂಡ.

"ಅವನು ಕೊಟ್ಟಿದ್ದನ್ನೆಲ್ಲಾ."

ಅವರ ದೃಷ್ಟಿ ಹೆಂಡತಿಯ ಬಳೆಗಳ ಮೇಲೆ ಒಂದು ಕ್ಷಣ ನಿಂತು ಮತ್ತೆ ಕಡಲಿನತ್ತ ಹೊರಳಿತು. "ತೌರಿನವರು ಮಾಡಿಸಿದ್ದು ಇವು" ಎಂದು ಆಕೆ ನಕ್ಕರು.

ಭಾರತೀಯ ತಟರಕ್ಷಣಾ ಪಡೆ 2012ರಲ್ಲಿ ಸೇವೆಗೆ ಸೇರಿದ ತನ್ನ ನೌಕೆಯೊಂದಕ್ಕೆ ರಾಣಿ ಅಬ್ಬಕ್ಕಳ ಹೆಸರಿಟ್ಟಿತು. ಕಡಲಸೀಮೆಯ ಅರಸಿಗೆ ನೀರಿನ ಮೇಲೆ ಸಂದ ಈ ಗೌರವ ಉಚಿತವೇ ಸರಿ.

ಚೌಟರ ಅರಮನೆಯನ್ನು ನೋಡಲೇಬೇಕೆನ್ನುವವರು ಮೂಡುಬಿದಿರೆಗೆ ಹೋಗಬೇಕು. ದಂಪತಿಗಳೂ ಹೋದರು. ಅಂಬಾವಿಲಾಸವನ್ನು ಕಂಡ ಕಣ್ಣಿಗೆ ಅದು ಹಂಚಿನ ಮಾಡಿನ ದೊಡ್ಡ ಮನೆ. ಆದರೆ ಅದರ ಮರದ ಕಂಬಗಳ ಕೆತ್ತನೆ! ಒಂದರಲ್ಲಿ ಐವರು ಹೆಂಗಸರು ಸೇರಿ ಕುದುರೆಯಾಗಿದ್ದಾರೆ. ಇನ್ನೊಂದರಲ್ಲಿ ಒಂಬತ್ತು ಮಂದಿ ಸೇರಿ ಆನೆಯಾಗಿದ್ದಾರೆ. ಯಾರ ಕಾಲು ಆನೆಯ ಕಾಲಾಯಿತು, ಯಾರ ತೋಳು ಸೊಂಡಿಲಾಯಿತು ಎಂದು ಹೆಂಡತಿ ಬೆರಳಿಟ್ಟು ತೋರಿಸುತ್ತಿದ್ದರು. ಗಂಡ ಎರಡು ಬಾರಿ ಎಣಿಸಿದರು. ಮೊದಲ ಸಲ ಎಂಟೇ ಸಿಕ್ಕಿತ್ತು.